ಕರಿಹಲಗೆಯ ಮೇಲಿನ ಹೆಸರು

ನಮ್ಮ ಗ್ರಂಥಾಲಯದ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ನಾಗಮಂಗಲದಿಂದ ಪಾಂಡವಪುರದ ಕಾಲೇಜೊಂದಕ್ಕೆ ಗ್ರಂಥಪಾಲಕನಾಗಿ ಬಂದಾಗಿನಿಂದ ಪ್ರತಿ ಸೋಮವಾರ ಬೆಳಿಗ್ಗೆ, ಹಿಂದಿನ ವಾರ ಹೆಚ್ಚು ಪುಸ್ತಕ ಒಯ್ದ ಒಬ್ಬರ ಹೆಸರನ್ನೂ ಆ ಪುಸ್ತಕಗಳ ಹೆಸರನ್ನೂ ಅದರ ಮೇಲೆ ನಾನೇ ಬರೆಯುತ್ತಿದ್ದೆ. ಸಂಜೆ ಕಸ ಗುಡಿಸುವಾಕೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದಳು. ಅಷ್ಟು ಮುತುವರ್ಜಿಯಿಂದ ಬರೆದದ್ದನ್ನು ಎರಡು ದಿನವಾದರೂ ಉಳಿಸಬಾರದೇ ಎಂದು ಆಕೆಯ ಮೇಲೆ ಎಷ್ಟೋ ಸಲ ರೇಗಿದ್ದೇನೆ.

ಫೋನಿನ ವಿಷಯದಲ್ಲಿ ನಾನು ಹಟಮಾರಿ. ಗ್ರಂಥಾಲಯಕ್ಕೂ ಸಾಮಾಜಿಕ ಜಾಲತಾಣಕ್ಕೂ ಎಲ್ಲಿಯ ನಂಟು ಎಂದು ಸಭೆಗಳಲ್ಲಿ ಜಗಳಕ್ಕೇ ನಿಂತವನು. ಮಕ್ಕಳು ಎಲ್ಲಿದ್ದಾರೋ ಅಲ್ಲಿಗೆ ನಾವೇ ಹೋಗಬೇಕು ಎಂದು ಪ್ರಾಂಶುಪಾಲರು ಪಟ್ಟು ಹಿಡಿದಾಗ, ಗೊಣಗುತ್ತಲೇ ಗ್ರಂಥಾಲಯದ್ದೊಂದು ಪುಟ ತೆರೆದೆ. ಏನು ಹಾಕಬೇಕೆಂದು ತೋಚದೆ ಒಂದು ಸೋಮವಾರ ಕರಿಹಲಗೆಯದೇ ಫೋಟೊ ತೆಗೆದು ಹಾಕಿದೆ. ಮಧ್ಯಾಹ್ನದೊಳಗೆ ಲೈಕುಗಳ ಸುರಿಮಳೆ. ಸುಳ್ಳೇಕೆ ಹೇಳಲಿ, ಊಟದ ಡಬ್ಬಿ ಮುಂದಿಟ್ಟುಕೊಂಡೂ ಫೋನನ್ನೇ ನೋಡುತ್ತಿದ್ದೆ.

ಆ ವಾರದ ಹೆಸರು, ಕ್ಯಾತನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಕೊನೆಯ ವರ್ಷದ ಬಿ.ಎ. ಹುಡುಗಿಯದು. ಮೂರು ಪುಸ್ತಕ ಒಯ್ದಿದ್ದಳು, ಮೂರೂ ಮನಸ್ಸಿನ ಕಾಯಿಲೆಯ ಬಗ್ಗೆ. ಒಂದಂತೂ ಅಂಥವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆಂದು ಹೇಳುವ ಪುಸ್ತಕ. ದುಂಡಗೆ ಬರೆದ ನನಗೆ, ಈ ಹುಡುಗಿ ಇದನ್ನೆಲ್ಲ ಯಾಕೆ ಓದುತ್ತಿದ್ದಾಳೆ ಎಂದು ಹೊಳೆಯಲೇ ಇಲ್ಲ.

ಗುರುವಾರ ಬಂದು ಮೂರನ್ನೂ ಮೇಜಿನ ಮೇಲಿಟ್ಟಳು.

“ಇಷ್ಟು ಬೇಗ ಓದಿ ಮುಗಿಸಿದೆಯಾ?” ಎಂದೆ.

“ಇಲ್ಲ ಸಾ. ಕಿಕ್ಕೇರಿಲಿರೋ ನಮ್ಮತ್ತೆ ಫೋನಲ್ಲಿ ನೋಡ್ಬುಟ್ಟವ್ರೆ. ಊರೋರೂ ನೋಡವ್ರೆ. ದಿನಾ ಯಾರಾರ ನಮ್ಮವ್ವನ್ನ ನೋಡಕ್ಕೆ ಬತ್ತಾವ್ರೆ.”

“ಅವ್ವಂಗೆ ಹುಷಾರಿಲ್ವೇನಮ್ಮ?”

“ಎರಡು ವರ್ಸಾಯ್ತು ಸಾ. ನಾವು ಯಾರ್ಗೂ ಯೋಳಿರ್ಲಿಲ್ಲ. ಈಚೀಚೆಗೆ ಜಗಲಿ ಮ್ಯಾಲೆ ಬಂದು ಕೂತ್ಕತಿತ್ತು. ಈಗ ಒಳಗಿಂದ ಈಚೆಗೇ ಬರಕಿಲ್ಲ.”

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಅವಳೆದುರೇ ಆ ಫೋಟೊ ಅಳಿಸಿದೆ. ಆದರೆ ಅಷ್ಟರಲ್ಲಿ ಅದು ಯಾರ ಯಾರ ಫೋನಿನಲ್ಲಿ ಉಳಿದುಕೊಂಡಿತ್ತೋ. ನಾನು ರೇಗುತ್ತಿದ್ದ ಆ ಒದ್ದೆ ಬಟ್ಟೆ ನೆನಪಾಗಿ ಕುಗ್ಗಿಹೋದೆ.

“ಪುಸ್ತಕ ತಗೊಂಡು ಹೋಗಮ್ಮ. ಇನ್ನು ಯಾರ ಹೆಸರೂ ಹಾಕಲ್ಲ,” ಎಂದೆ.

“ರಿಜಿಸ್ಟರಲ್ಲಿ ನನ್ನೆಸ್ರು ಇರ್ತದಲ್ಲ ಸಾ. ಬ್ಯಾಡ,” ಎಂದು ಹೊರಟುಹೋದಳು.

ಅವಳು ಹೋದ ಮೇಲೆ, ಮನೆಯಲ್ಲಿ ನೋಡಿಕೊಳ್ಳುವ ಆ ಪುಸ್ತಕವನ್ನು ನನ್ನ ಹೆಸರಿಗೆ ಬರೆದುಕೊಂಡೆ. ಹೆಸರು ಕಾಣದಂತೆ ಹಳೆಯ ಪೇಪರಿನ ಹೊದಿಕೆ ಹಾಕಿ ಮೇಜಿನ ಖಾನೆಯಲ್ಲಿಟ್ಟೆ. ಕರಿಹಲಗೆಯ ಮೇಲೆ ಈಗ ಹೊಸದಾಗಿ ಬಂದ ಪುಸ್ತಕಗಳ ಹೆಸರು ಮಾತ್ರ ಬರೆಯುತ್ತೇನೆ. ಪುಟದಲ್ಲೂ ಅಷ್ಟೆ.

ತಿಂಗಳುಗಟ್ಟಲೆ ಅವಳು ಗ್ರಂಥಾಲಯದ ಕಡೆ ತಲೆ ಹಾಕಲಿಲ್ಲ. ಪರೀಕ್ಷೆಯ ಹಾಲ್ ಟಿಕೆಟ್ ಪಡೆಯಲು ಪುಸ್ತಕ ಯಾವುದೂ ಬಾಕಿಯಿಲ್ಲವೆಂದು ನನ್ನ ಸಹಿ ಬೇಕಿತ್ತು, ಅದಕ್ಕಾಗಿ ಬಂದಳು. ಸಹಿ ಹಾಕಿ ಕೊಟ್ಟೆ. ಹೋಗದೆ ನಿಂತೇ ಇದ್ದಳು.

“ಸಾ, ಆ ಪುಸ್ತಕ... ಮನೇಲಿ ನೋಡ್ಕಳದು. ಐತಾ?”

ಖಾನೆಯಿಂದ ತೆಗೆದು ಕೊಟ್ಟೆ. ಹೊದಿಕೆಯ ಮೇಲೆ ಒಮ್ಮೆ ಕೈಯಾಡಿಸಿದಳು.

“ಬರ್ಕಳಕಿಲ್ವಾ ಸಾ?”

“ಬರೆದಾಗಿದೆ. ತಗೊಂಡು ಹೋಗವ್ವ.”

ಅವಳು ಕಾಲೇಜು ಮುಗಿಸಿ ಹೋದಳು. ಮೊನ್ನೆ ಪುಸ್ತಕಗಳ ವಾರ್ಷಿಕ ತಪಾಸಣೆಗೆ ಬಂದವರು, ಒಂದು ಪುಸ್ತಕ ಬಹಳ ಕಾಲದಿಂದ ನಿಮ್ಮ ಹೆಸರಿನಲ್ಲೇ ಇದೆಯಲ್ಲ ಎಂದು ಕೇಳಿದರು. ಇನ್ನೂ ಓದಿ ಮುಗಿದಿಲ್ಲ ಎಂದೆ.