ಕಬ್ಬಿಣ ಬಚ್ಚಿಟ್ಟ ಮೈ

ಕಂಪ್ಲಿ ಕಡೆಯ ಹೊಲಗಳಲ್ಲಿ ಕಬ್ಬು ಕಡಿದ ಮೇಲೆ ಉಳಿಯುವ ಮೋಟು, ಚಾಕುವಿಗಿಂತ ಹರಿತ. ಅದು ಅವ್ವನ ಮೀನಖಂಡವನ್ನು ಸೀಳಿತ್ತು. ಅರಿಶಿನ ಮೆತ್ತಿಕೊಂಡು ಕೆಲಸ ಮುಂದುವರಿಸಿದಳು. ಕಾಲು ಕೆಂಪಗೆ ಬಾತು ಜ್ವರ ಏರಿದಾಗ ಹೊಸಪೇಟೆಗೆ ಕರೆದೊಯ್ದೆ.

ಡಾಕ್ಟರಮ್ಮ ಆಂಟಿಬಯೋಟಿಕ್ ಬರೆದು, ಕೆಂಪಿನ ಅಂಚಿನುದ್ದಕ್ಕೂ ಪೆನ್ನಿನಿಂದ ನೀಲಿ ಗೆರೆ ಎಳೆದರು. "ಕೆಂಪು ಈ ಗೆರಿ ದಾಟಿದ್ರ ಜಲ್ದಿ ಬರ್ರಿ, ಅಡ್ಮಿಟ್ ಮಾಡಿ ಕೊಯ್ಯಬೇಕಾಗಬಹುದು. ರಕ್ತ ಕಡಿಮಿ ಅಂತ ತಗೊಳ್ಳೋ ಕಬ್ಬಿಣದ ಗುಳಿಗಿ ಮಾತ್ರ ಸದ್ಯಕ್ಕ ಬ್ಯಾಡ."

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಶಕ್ತಿ ಬೇಕಾದಾಗಲೇ ಕಸಗೊಂಡಂಗಾತಲ್ರಿ ಮೇಡಂ?"

"ಶಕ್ತಿ ಯಾರಿಗೆ ಅನ್ನೋದು ಪ್ರಶ್ನೆ. ಬ್ಯಾಕ್ಟೀರಿಯಾಕ್ಕೂ ಬೆಳಿಯಾಕ ಕಬ್ಬಿಣ ಬೇಕು. ಬಿಳಿ ರಕ್ತಕಣ ಗಾಯಕ್ಕ ಓಡಿಬಂದು ಪ್ರೋಟೀನ್ ಸುರೀತಾವ. ಅದರಾಗ ಕೆಲವು, ಬ್ಯಾಕ್ಟೀರಿಯಾದ ಗೋಡಿಗೆ ತೂತು ಹೊಡೀತಾವ. ಇನ್ನೊಂದು ಅಲ್ಲಿರೋ ಕಬ್ಬಿಣಾನ ಹಿಡಿದು ಬಚ್ಚಿಡ್ತದ. ಉಪವಾಸ ಬಿದ್ದ ವೈರಿ ಎಷ್ಟು ಹಾರಾಡ್ತಾನ?"

ಸಂಜೆ ಸಂಡೂರಿನಿಂದ ಚಿಕ್ಕಮ್ಮ ಬಂದಳು, ಕೈಯಲ್ಲಿ ಕಬ್ಬಿಣದ ಟಾನಿಕ್ ಬಾಟಲಿ. "ನಮ್ಮೂರಾಗ ಗಣಿ ಲಾರಿಯಿಂದ ಉದುರಿ ರಸ್ತಿ ತುಂಬ ಕಬ್ಬಿಣ ಬಿದ್ದೇತಿ. ನಮ್ಮಕ್ಕಗ ಒಂದು ಗುಳಿಗಿಗೂ ಗತಿ ಇಲ್ಲೇನಲೇ?"

ಬೆಳಿಗ್ಗೆ ವಿರೋಧಿಸಿದ ಪಕ್ಷವನ್ನೇ ಸಂಜೆ ಎತ್ತಿ ಹಿಡಿದೆ. "ಕ್ವಾಟಿಗೆ ಮುತ್ತಿಗಿ ಹಾಕಿದ ವೈರಿಗೆ ನಾವ ಜ್ವಾಳದ ಚೀಲ ಕಳಸ್ತೀವೇನು ಚಿಕ್ಕವ್ವಾ?"

"ಕ್ವಾಟಿ ಮಾತು ನನಗ ಹೇಳಬ್ಯಾಡ. ಹಂಪಿ ಏನಾತು, ನೋಡಿಲ್ಲೇನು?"

ಬಾಟಲಿ ಕಸಿದು ಅಟ್ಟಕ್ಕೇರಿಸಿದೆ.

ಮರುದಿನ ಬೆಳಿಗ್ಗೆಯೂ ಕೆಂಪು ಆ ನೀಲಿ ಗೆರೆಗೆ ತಾಗಿಕೊಂಡೇ ಇತ್ತು, ಚೂರೂ ಹಿಂದೆ ಸರಿದಿರಲಿಲ್ಲ. ಚಿಕ್ಕಮ್ಮ ಅಟ್ಟದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಆಸ್ಪತ್ರೆಗೆಂದು ಬಟ್ಟೆ ಜೋಡಿಸಿಟ್ಟು, ಅವ್ವನ ಕಾಲ ಬಳಿ ಕುಳಿತು ಕಾದೆ. ಸಂಜೆಯಾದರೂ ಕೆಂಪು ಆ ಗೆರೆಯನ್ನು ದಾಟಲಿಲ್ಲ. ಮಾರನೆಯ ದಿನ ಜ್ವರವಿಳಿದಿತ್ತು. ಗೆರೆಗೂ ಕೆಂಪಿಗೂ ನಡುವೆ ಒಂದು ಬೆರಳಗಲ ಅವ್ವನ ಮಾಮೂಲಿ ಬಣ್ಣ!

ಮೊದಲು ಕೂಗಿದವಳು ಚಿಕ್ಕಮ್ಮನೇ. "ಗೆದ್ದಳಲೇ ನಮ್ಮಕ್ಕ!"

"ಹಂಗ ಹೇಳಾಕ ಬರೂದಿಲ್ಲ," ಎಂದೆ. "ಗೆದ್ದಿದ್ದು ಆಂಟಿಬಯೋಟಿಕ್ಕೋ ಪ್ರೋಟೀನೋ? ಒಂದ ಕಾಲು ನೋಡಿ ತೀರ್ಪು ಕೊಡಾಕ ಆಗೂದಿಲ್ಲ."

ಅವ್ವ ದಿಂಬಿನಿಂದ ತಲೆ ಎತ್ತಿದಳು. "ಗುಳಿಗಿ ನುಂಗಿದಾಕಿ ನಾನು. ಪ್ರೋಟೀನೂ ನಂದ. ಮತ್ಯಾರು ಗೆಲ್ಲಬೇಕಲೇ?"

ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಇಷ್ಟು ಚಿಕ್ಕ, ಇಷ್ಟು ಗಟ್ಟಿಯಾದ ವಾದ ಕೇಳಿರಲಿಲ್ಲ. ಮೊದಲ ಸಲ ಸೋತು ಚಪ್ಪಾಳೆ ತಟ್ಟಿದೆ.

ಕಾಲು ಪೂರ್ತಿ ಮಾಗಿದ ಮೇಲೆ ಡಾಕ್ಟರಮ್ಮ ಕಬ್ಬಿಣದ ಗುಳಿಗೆ ಮತ್ತೆ ಶುರು ಮಾಡಿಸಿದರು. ಅಷ್ಟು ದಿನವೂ ಅವ್ವ ಆ ನೀಲಿ ಗೆರೆಗೆ ಸೋಪು ತಾಗಿಸಿರಲಿಲ್ಲ. ಹೊಲಕ್ಕೆ ಮರಳಿದ ದಿನ ಸೀರೆಯ ನೆರಿಗೆ ಎತ್ತಿ, ಕಬ್ಬು ಕಡಿಯುವ ಹೆಂಗಸರಿಗೆಲ್ಲ ಮಾಸಿದ ಗೆರೆ ತೋರಿಸಿದಳು.

"ಇಲ್ಲೀತನ ಬಂದಿತ್ತು ನೋಡ್ರೆವ್ವಾ. ಇಲ್ಲಿಂದ ಹೊಡದು ಓಡಿಸೀನಿ."