ಬಾಯಿ ತುಂಬ ನೀರು

ಅಚ್ಚುಗಳನ್ನು ನೀರಿಗೆ ಹಾಕಿದ ಕೂಡಲೇ ಆ ವಾಸನೆ ಎದ್ದಿತು. ಹಳೆಯ ಮರ, ಸೌದೆ ಹೊಗೆ, ಅದರ ಅಡಿಯಲ್ಲೆಲ್ಲೋ ಸೀದ ಸಕ್ಕರೆ… ಒಣಗಿ ಬಿದ್ದಿದ್ದ ಮರ ನೀರು ಕುಡಿದು, ಹೊಟ್ಟೆಯಲ್ಲಿದ್ದುದನ್ನೆಲ್ಲ ಬಿಟ್ಟುಕೊಟ್ಟಿತು. ನಾನು ಸಿಂಕಿನ ನಲ್ಲಿ ತಿರುಗಿಸಿ ನಿಲ್ಲಿಸಿದೆ.

ಸಂಕ್ರಾಂತಿಗೆ ಇನ್ನು ನಾಲ್ಕೇ ದಿನ. ಮನೆಯಲ್ಲೇ ಸಕ್ಕರೆ ಅಚ್ಚು ಮಾಡೋಣ ಎಂದು ಮಗಳು ಹಟ ಹಿಡಿದಿದ್ದಾಳೆ. ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ ಎಂದರೆ ಕೇಳುವುದಿಲ್ಲ. ಈ ಮರದ ಅಚ್ಚುಗಳು ಮನೆಗೆ ಬಂದದ್ದೇ ತಪ್ಪಾಯಿತು. ಹೋದ ತಿಂಗಳು ಹಂಪಾಪುರದಿಂದ ಹುಣಸೂರಿನ ನಮ್ಮ ಮನೆಯವರೆಗೂ ಈ ಗಂಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವಳು, ನಮ್ಮೂರಿನ ಎದುರು ಮನೆ ದೊಡ್ಡವ್ವನ ಮೊಮ್ಮಗಳು. "ಅಜ್ಜಿ ಏಳ್ಬುಟ್ಟು ಓಗವ್ರೆ ಅಕ್ಕ. ಅಚ್ಚು ನಿಮ್ಗೇ ಸೇರ್ಬೇಕಂತೆ" ಎಂದಳು. ದೊಡ್ಡವ್ವ ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು. ನಾನು ಮಣ್ಣಿಗೂ ಹೋಗಿರಲಿಲ್ಲ, ತಿಥಿಗೂ ಹೋಗಿರಲಿಲ್ಲ.

ದೊಡ್ಡವ್ವ ನಮಗೆ ನೆಂಟರೇನಲ್ಲ. ಬೀದಿಯ ಮಕ್ಕಳಿಗೆಲ್ಲ ಅವರು ದೊಡ್ಡವ್ವ. ಒಣಕಲು ಮೈ, ಸದಾ ಗಂಟಿಕ್ಕಿದ ಹುಬ್ಬು. ಅವರ ಬಾಯಿಗೆ ಹೆದರಿ ಬೀದಿನಾಯಿಗಳೂ ಅವರ ಜಗುಲಿ ಹತ್ತುತ್ತಿರಲಿಲ್ಲ. ಆದರೆ ನಮ್ಮ ಬೀದಿಯಲ್ಲಿ ಅಚ್ಚು ಇದ್ದದ್ದು ಅವರೊಬ್ಬರ ಮನೆಯಲ್ಲೇ. ಆನೆ, ಗಿಳಿ, ಮೀನು, ಬಾಳೆಗೊನೆ, ಮತ್ತೆ ಒಂದೇ ಒಂದು ಬೃಂದಾವನ. ತುಳಸಿಕಟ್ಟೆಯಂತೆ ಕೆತ್ತಿದ ಗೇಣುದ್ದದ ಆ ಅಚ್ಚಿನಿಂದ ವರ್ಷಕ್ಕೆ ಒಂದೇ ಒಂದು ಬೃಂದಾವನ ತೆಗೆಯುತ್ತಿದ್ದರು. ಹಬ್ಬದ ದಿನ ಎಳ್ಳು ಬೀರಲು ಹೊರಟಾಗ ಅದು ಯಾರ ತಟ್ಟೆಯಲ್ಲಿರುತ್ತದೋ ಅವಳೇ ಬೀದಿಗೆಲ್ಲ ಮುಂದೆ.

ಹಬ್ಬಕ್ಕೆ ಎರಡು ದಿನ ಮುಂಚೆ ಮಧ್ಯಾಹ್ನ ಅವರ ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದರು. ಹಿತ್ತಾಳೆ ಪಾತ್ರೆಯಲ್ಲಿ ಸಕ್ಕರೆ ಪಾಕ. ಹಾಲು ಬಿಟ್ಟು ಕೊಳೆ ತೆಗೆದು, ಪಂಚೆಯಲ್ಲಿ ಸೋಸಿ, ಮತ್ತೆ ಕಾಯಿಸಿ, ಬೆಳ್ಳಗೆ ಮಂದವಾಗುವವರೆಗೂ ತಿರುವಿ ಅಚ್ಚಿಗೆ ಹೊಯ್ಯಬೇಕು. ನೆನೆದ ಅಚ್ಚಿನ ಎರಡು ಹೋಳುಗಳನ್ನು ಜೋಡಿಸಿ ದಾರ ಸುತ್ತುವುದು ಮಕ್ಕಳ ಕೆಲಸ. ಹುಡುಗಿಯರು ಐದಾರು ಜನ ಇರುತ್ತಿದ್ದೆವು. ಕೂರುವ ಮೊದಲು ದೊಡ್ಡವ್ವ ಒಬ್ಬೊಬ್ಬರ ಬಾಯಿಗೂ ಚೊಂಬಿನಿಂದ ನೀರು ಹೊಯ್ಯುತ್ತಿದ್ದರು.

"ಬಾಯ್ ತುಂಬ ನೀರ್ ಇಟ್ಕಳಿ. ದೇವ್ರಿಗಿಡೋದ್ಕೆ ಎಂಜ್ಲು ಬೀಳ್ಬಾರ್ದು. ನುಂಗ್ದೋರು, ಉಗುದೋರು ಎದ್ದೋಗಿ."

ಮಾತಾಡುವಂತಿಲ್ಲ, ನಗುವಂತಿಲ್ಲ, ಬೆರಳು ನೆಕ್ಕುವಂತಿಲ್ಲ. ಕೊನೆಯ ಅಚ್ಚಿಗೆ ಪಾಕ ಹೊಯ್ದಾದ ಮೇಲೆ ದಾಸವಾಳದ ಗಿಡದ ಬುಡದಲ್ಲಿ ಅವರ ಕಣ್ಣೆದುರೇ ಉಗುಳಬೇಕು. ಯಾರ ಬಾಯಿಂದ ಹೆಚ್ಚು ನೀರು ಬಿತ್ತೋ ಅವಳಿಗೆ ಬೃಂದಾವನ. ಕಳ್ಳತನದಲ್ಲಿ ನುಂಗಿದವಳು ಅಲ್ಲಿ ಸಿಕ್ಕಿಬೀಳುತ್ತಿದ್ದಳು.

ನಾನು ಕೂತ ಮೊದಲ ವರ್ಷ, ಯಾರದೋ ಮೂಗಿನ ಮೇಲೆ ನೊಣ ಕೂತಿತೆಂದು ನಗು ತಡೆಯಲಾರದೆ ಬಾಯಿಯ ನೀರನ್ನೆಲ್ಲ ಪಾಕದ ಪಾತ್ರೆಗೇ ಎರಚಿಬಿಟ್ಟೆ. ಅಷ್ಟೂ ಪಾಕ ಎಮ್ಮೆಯ ಕಲಗಚ್ಚಿಗೆ ಹೋಯಿತು. ದೊಡ್ಡವ್ವ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. "ಎಂಜ್ಲುಬಾಯಿ" ಎಂದರು, ಅಷ್ಟೇ. ಮರುದಿನಕ್ಕೆ ಅದು ಬೀದಿಯ ಮಾತಾಯಿತು, ವಾರದೊಳಗೆ ಸ್ಕೂಲಿನದೂ ಆಯಿತು. ನನ್ನ ಊಟದ ಡಬ್ಬಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಮುಂದಿನ ಎರಡು ವರ್ಷವೂ ನಾನು ಸೋತೆ. ಒಮ್ಮೆ ಕೆಮ್ಮು ಬಂತು, ಇನ್ನೊಮ್ಮೆ ಗೊತ್ತಿಲ್ಲದೆ ನುಂಗಿದೆ. ಪ್ರತಿ ಸಂಕ್ರಾಂತಿಗೂ ಆ ಹೆಸರಿಗೆ ಹೊಸ ಬಣ್ಣ ಬಳಿದಂತಾಗುತ್ತಿತ್ತು. ಅದನ್ನು ಕಳೆದುಕೊಳ್ಳಲು ನನಗೆ ಗೊತ್ತಿದ್ದದ್ದು ಒಂದೇ ದಾರಿ, ಆ ಬೃಂದಾವನ.

ನಾಲ್ಕನೆಯ ವರ್ಷ ನನಗೆ ಹನ್ನೊಂದು. ತಿಂಗಳಿಡೀ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಬಾಯಲ್ಲಿ ನೀರು ಹಿಡಿಯುವ ಅಭ್ಯಾಸ ಮಾಡಿದ್ದೆ. ಆ ದಿನ ಒಬ್ಬೊಬ್ಬರೇ ಎದ್ದು ಹೋದರು. ಕೊನೆಗೆ ಉಳಿದವರು ಇಬ್ಬರು. ನಾನು, ಮತ್ತೆ ದೊಡ್ಡವ್ವನ ಮೊಮ್ಮಗಳು. ಅವಳಿಗೆ ಎಂಟು ವರ್ಷ. ಒಲೆಗೆ ಬೆನ್ನು ಮಾಡಿ ಕೂತು, ಬಲಗೈ ನೆಲಕ್ಕೂರಿ, ಎಡಗೈಯಲ್ಲಿ ಆನೆಯ ಅಚ್ಚನ್ನು ಹಿಡಿದು, ದಾರ ಸರಿಯಾಗಿದೆಯೇ ಎಂದು ನೋಡುತ್ತಿದ್ದಳು. ಬೃಂದಾವನದ ಅಚ್ಚೊಂದೇ ಬಾಕಿ. ಅದು ನೀರಿನ ತೊಟ್ಟಿಯಲ್ಲಿತ್ತು. ದೊಡ್ಡವ್ವ ಸೌದೆಯನ್ನು ಒಲೆಯೊಳಕ್ಕೆ ತಳ್ಳಿ, ಅದನ್ನು ತರಲು ಎದ್ದು ಹೋದರು.

ಸೌದೆ ತಳ್ಳಿದ ರಭಸಕ್ಕೆ ಒಲೆಯ ಒಂದು ಕಲ್ಲು ಜರುಗಿತು. ನಾನು ನೋಡಿದೆ. ಪಾತ್ರೆ ಮೆಲ್ಲಗೆ ಅವಳ ಕಡೆಗೆ ವಾಲಿತು, ಇನ್ನೊಂದು ಕಲ್ಲಿಗೆ ಒರಗಿ ನಿಂತಿತು. ಮತ್ತೆ ಜರುಗತೊಡಗಿತು. ನನ್ನ ಕೈ ತಾನಾಗಿ ಮೇಲೆದ್ದು ಒಲೆಯ ಕಡೆಗೆ ಚಾಚಿಕೊಂಡಿತು. ಅವಳು ನೋಡಲಿಲ್ಲ. ಕೂಗಬೇಕು, ಕೂಗಿದರೆ ನೀರು ಹೋಗುತ್ತದೆ… ಇಷ್ಟು ಯೋಚಿಸಿದ್ದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಅಷ್ಟು ಯೋಚಿಸಲು ನನಗೆ ಪುರುಸೊತ್ತಿತ್ತು.

ಪಾಕ ಅವಳ ಬಲಗೈಯ ಮೇಲೆ ಬಿತ್ತು. ಬಿಸಿನೀರಾದರೆ ಹರಿದು ಹೋಗುತ್ತದೆ, ಪಾಕ ಹಿಡಿದುಕೊಳ್ಳುತ್ತದೆ. ಆ ಮಗು ತಕ್ಷಣ ಕಿರುಚಲಿಲ್ಲ. ಅವಳ ಬಾಯಲ್ಲೂ ನೀರಿತ್ತು, ಅವಳೂ ಗೆಲ್ಲಬೇಕಾಗಿತ್ತು. ಕಣ್ಣು ಅಗಲಿಸಿ, ತುಟಿ ಬಿಗಿಹಿಡಿದು, ನನ್ನನ್ನೇ ನೋಡಿದಳು. ಆಮೇಲೆ ನೀರು ಮೂಗಿನಿಂದ ಹೊರಬಂತು, ಅದರ ಹಿಂದೆ ಚೀರಾಟ.

ದೊಡ್ಡವ್ವ ಬೃಂದಾವನದ ಅಚ್ಚು ಹಿಡಿದು ತಿರುಗಿದವರು ಮೊದಲು ಮೊಮ್ಮಗಳನ್ನು ನೋಡಿದರು. ಆಮೇಲೆ ನನ್ನನ್ನು. ನನ್ನ ಕೈ ಇನ್ನೂ ಒಲೆಯ ಕಡೆ ಚಾಚಿಕೊಂಡೇ ಇತ್ತು. ನನ್ನ ಕೆನ್ನೆ ಇನ್ನೂ ಉಬ್ಬಿಕೊಂಡೇ ಇತ್ತು.

ಜನ ಓಡಿಬಂದರು. ಯಾರದೋ ಜೀಪಿನಲ್ಲಿ ಅವಳನ್ನು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ ಒಯ್ದರು. ಹಿತ್ತಲು ಖಾಲಿಯಾದ ಮೇಲೆ ನಾನು ದಾಸವಾಳದ ಬುಡಕ್ಕೆ ಹೋಗಿ ನೀರು ಉಗುಳಿದೆ. ಗೆದ್ದೆ ಎಂದು ಒಂದು ಗಳಿಗೆ ಅನಿಸಿತು. ಅನಿಸಿತು, ಸುಳ್ಳು ಹೇಳುವುದಿಲ್ಲ.

ಅವಳ ಮೂರು ಬೆರಳು ಒಂದಕ್ಕೊಂದು ಅಂಟಿಕೊಂಡವು. ಎಡಗೈಯಲ್ಲಿ ಬರೆಯಲು ಕಲಿತಳು. ದೊಡ್ಡವ್ವ ಮತ್ತೆಂದೂ ಮಕ್ಕಳನ್ನು ಹಿತ್ತಲಿಗೆ ಕರೆಯಲಿಲ್ಲ, ಆನೆ ಗಿಳಿ ಮಾಡಲಿಲ್ಲ. ಆದರೆ ಮುಂದಿನ ಸಂಕ್ರಾಂತಿಗೆ ತಾವೊಬ್ಬರೇ ಕೂತು ಒಂದು ಬೃಂದಾವನ ಮಾಡಿ, ಎಳ್ಳಿನ ತಟ್ಟೆಯಲ್ಲಿಟ್ಟು ನಮ್ಮ ಮನೆಗೆ ತಂದುಕೊಟ್ಟರು. ಅದರ ಮುಂದಿನ ವರ್ಷವೂ ತಂದರು, ಅದರ ಮುಂದಿನ ವರ್ಷವೂ. "ಅಂಥಾ ನೋವಲ್ಲೂ ನಿನ್ ಮರೀನಿಲ್ಲ ನೋಡು, ಏನ್ ಮನ್ಸು ಪುಣ್ಯಾತ್ಗಿತ್ತೀದು" ಎಂದು ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಅದನ್ನು ಮುಟ್ಟುತ್ತಿರಲಿಲ್ಲ. ಅಮ್ಮ ಕುಟ್ಟಿ ಪುಡಿಮಾಡಿ ಕಾಫಿಗೆ ಹಾಕುತ್ತಿದ್ದಳು, ಆ ಕಾಫಿಯನ್ನು ನಾನೂ ಕುಡಿಯುತ್ತಿದ್ದೆ.

ಹದಿನಾರರಲ್ಲಿ ಒಮ್ಮೆ ಧೈರ್ಯ ಮಾಡಿ, ಇನ್ನು ತರಬೇಡಿ ದೊಡ್ಡವ್ವ ಎಂದೆ. ಅವರು ತಟ್ಟೆಯನ್ನು ನನ್ನ ಕೈಗಿಟ್ಟು ನಿಧಾನವಾಗಿ ಹೇಳಿದರು.

"ಯಾಕಮ್ಮಿ? ಗೆದ್ದೋಳು ನೀನಲ್ವಾ. ಒಂದ್ ತೊಟ್ಟೂ ಚೆಲ್ನಿಲ್ಲ ಕಣಮ್ಮಿ ನೀನು. ನಾನೇ ಕಣ್ಣಾರೆ ನೋಡಿವ್ನಿ."

ಆ ಕಲ್ಲು ಜರುಗಿದ್ದು ಅವರು ಸೌದೆ ತಳ್ಳಿದ್ದರಿಂದ, ಬಾಯಿಗೆ ನೀರು ಹೊಯ್ದವರೂ ಅವರೇ. ಹಾಗೆಂದು ಅವರ ಮುಖಕ್ಕೇ ಹೇಳಬೇಕೆಂದು ಎಷ್ಟು ಸಲ ಹೊರಟಿದ್ದೆನೋ. ಅದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ನಾನು ಕಂಡೂ ಕೂಗಲಿಲ್ಲವೆಂದು ಊರಿಗೆಲ್ಲ ಸಾರಿದ್ದರೆ ನಾಲ್ಕು ದಿನ ಬೈಸಿಕೊಂಡು ಮುಗಿಯುತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ. ನನ್ನ ಮದುವೆಯಾದ ಮೇಲೂ ಅಮ್ಮನ ಕೈಯಲ್ಲಿ ವರ್ಷ ತಪ್ಪದೆ ಬೃಂದಾವನ ಕಳಿಸಿದರು. ನಾನು ಅವರನ್ನು ದ್ವೇಷಿಸಿದೆ. ಅವರು ಸತ್ತ ಸುದ್ದಿ ಬಂದಾಗ ಮೊದಲು ಹೊಳೆದದ್ದು, ಈ ಸಂಕ್ರಾಂತಿಗೆ ಅದು ಬರುವುದಿಲ್ಲ ಎಂದು. ಆದರೆ ಅಚ್ಚೇ ಬಂತು.

ಮೊಮ್ಮಗಳಿಗೆ ಏನೂ ಗೊತ್ತಿಲ್ಲ. ಗಂಟು ಕೊಟ್ಟ ದಿನ ನಮ್ಮ ಅಡುಗೆಮನೆಯಲ್ಲಿ ಕೂತು ಎಡಗೈಯಲ್ಲಿ ಕಾಫಿ ಲೋಟ ಹಿಡಿದಿದ್ದಳು. ಬಲಗೈ ಸೆರಗಿನೊಳಗಿತ್ತು. ನಾನು ಅದನ್ನೇ ನೋಡುತ್ತಿರುವುದು ತಿಳಿದು, ನನಗೇ ಸಮಾಧಾನ ಹೇಳಿದಳು.

"ನೀವ್ಯಾಕಕ್ಕ ಅಂಗ್ ನೋಡೀರಿ? ನಿಮ್ ಬಾಯ್ ತುಂಬ್ಲೂ ನೀರಿತ್ತು. ಕಂಡಿದ್ರೂ ಕೂಗಾಕೆ ಎಲ್ಲಾಯ್ತಿತ್ತು, ಬುಡಿ."

ನಾನು ಹೂಂ ಎಂದೆ. ಇಷ್ಟು ವರ್ಷವೂ ನನಗೆ ನಾನೇ ಹೇಳಿಕೊಂಡು ಬಂದದ್ದೂ ಅದನ್ನೇ.

ಈಗ ಅಚ್ಚುಗಳು ಸಿಂಕಿನಲ್ಲಿ ನೆನೆಯುತ್ತಿವೆ, ಬೃಂದಾವನ ಎಲ್ಲಕ್ಕಿಂತ ಮೇಲೆ ತೇಲುತ್ತಿದೆ. ನಾಳೆ ಅಚ್ಚು ಹೊಯ್ಯಲು ಮಗಳ ಗೆಳತಿಯರೂ ಬರುತ್ತಾರೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಒಂದು ಲೋಟ ನೀರು ತೆಗೆದುಕೊಂಡು, ಕೆನ್ನೆ ಉಬ್ಬುವಷ್ಟು ಬಾಯಿಗೆ ತುಂಬಿಕೊಂಡೆ. ಒಲೆಯ ಕಡೆ ನೋಡುತ್ತ ನಿಂತೆ. ಆಮೇಲೆ ಅದನ್ನು ಉಗುಳಿ, ದೊಡ್ಡವ್ವಾ ಎಂದು ಕೂಗಿದೆ.

ಮಗಳು ಆಚೆ ಕೋಣೆಯಿಂದ ಓಡಿಬಂದಳು. "ಏನಮ್ಮಾ, ಯಾರ್ನ ಕರ್ದೆ?"

ಉಗುಳಿ ಕೂಗಲು ಒಂದು ಗಳಿಗೆಯೂ ಹಿಡಿದಿರಲಿಲ್ಲ, ಲೋಟವನ್ನು ನಾನು ಇನ್ನೂ ಕೆಳಗಿಟ್ಟಿರಲಿಲ್ಲ. ಅಷ್ಟರಲ್ಲಿ ಅವಳು ಬಂದು ಎದುರಿಗೆ ನಿಂತಿದ್ದಳು.