ಕಿವಿಯಣ್ಣನ ಪ್ರಾಯಶ್ಚಿತ್ತ

ನಾಟಕದ ತಂಡದಲ್ಲಿ ಎಲ್ಲರೂ ಅವನನ್ನು ಕಿವಿಯಣ್ಣ ಎನ್ನುತ್ತಿದ್ದರು. ಹಾರ್ಮೋನಿಯಂ ರಿಪೇರಿ ಅವನ ಕಸುಬು. ಒಂದು ರೀಡು ಕೂದಲೆಳೆಯಷ್ಟು ಶ್ರುತಿ ಜಾರಿದರೂ ಬಾಗಿಲಾಚೆಯಿಂದಲೇ ಮುಖ ಕಿವುಚುತ್ತಿದ್ದ.

ತಂಡದ ಹಾಡುಗಳಿಗೆ ಮಟ್ಟು ಹಾಕುತ್ತಿದ್ದವರು ಅವನು, ನಾನು ಇಬ್ಬರೇ. ಒಂದೇ ಹಾಡಿಗೆ ಇಬ್ಬರೂ ಬೇರೆ ಬೇರೆ ಮಟ್ಟು ಕಟ್ಟಿ ಕೇಳಿಸುವುದು, ನಿರ್ದೇಶಕರು ಒಂದನ್ನು ಆರಿಸುವುದು. ಹೆಚ್ಚಾಗಿ ನನ್ನದೇ ಆಯ್ಕೆಯಾಗುತ್ತಿತ್ತು. ಮರುದಿನ ಅವನು ಚೀಲ ಹಿಡಿದು ನಮ್ಮ ಮನೆಗೆ ಹಾಜರು. ನನ್ನ ಹಾರ್ಮೋನಿಯಂ ಬಿಚ್ಚಿ, ಧೂಳು ಕೊಡವಿ, ರೀಡುಗಳನ್ನು ಒಂದೊಂದಾಗಿ ಉಜ್ಜಿ ಶ್ರುತಿಗೆ ತಂದು ಹೋಗುತ್ತಿದ್ದ.

"ಏನೂ ಕೆಟ್ಟಿಲ್ಲವಲ್ಲೋ" ಎಂದೆ ಒಮ್ಮೆ.

"ನಿನ್ನ ಪೆಟ್ಟಿಗೆ ಕೆಟ್ಟಿಲ್ಲ, ನಾನು ಕೆಟ್ಟಿದೀನಿ. ನಿನ್ನೆ ನಿನ್ನ ಹಾಡು ಕೇಳಿ ಹೊಟ್ಟೆ ಉರಿದುಹೋಯ್ತು ಕಣೋ. ದೇವರಿಗೆ ಹೇಗೆ ಮುಖ ತೋರಿಸ್ಲಿ? ತೆಪ್ಪಗೆ ಸ್ಕ್ರೂಡ್ರೈವರ್ ಕೊಡು."

ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಅಣ್ಣಾ, ಇನ್ನೂ ಸ್ವಲ್ಪ ಉರ್ಕೊಳ್ಳಿ, ನಮ್ಮ ಫ್ಯಾನೂ ಕಿರುಗುಟ್ತಿದೆ" ಎಂದಳು.

ಅವನೂ ನಕ್ಕ. ಆದರೆ ಅವನಿಗೆ ಅದು ತಮಾಷೆಯಾಗಿರಲಿಲ್ಲ. ಈ ಹೊಟ್ಟೆಕಿಚ್ಚು ಹೊತ್ತುಕೊಂಡು ಸಾಯುವಂತಾಗದಿರಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದ. ಒಳ್ಳೆಯ ಮಟ್ಟು ಕೊಡು ಎಂದು ಬೇಡಿದ್ದನ್ನು ನಾನಂತೂ ಕೇಳಿಲ್ಲ.

ಕೊನೆಗೆ ಅವನ ಶ್ವಾಸಕೋಶ ಕೈಕೊಟ್ಟಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ಮೇಲೆ ನನ್ನನ್ನು ಕರೆಸಿದ.

"ಹೊಸ ನಾಟಕದ ಹಾಡು ನುಡಿಸು. ಉರಿ ಹೋಗಿದೆಯೋ ಇಲ್ವೋ ನೋಡ್ಕೋಬೇಕು."

ನಾನು ಕಟ್ಟಿದ್ದರಲ್ಲೆಲ್ಲ ಅದೇ ಒಳ್ಳೆಯದು. ಹೊದಿಕೆಯಡಿ ಅವನ ಎದೆಗೂಡು ಏರಿಳಿಯುವುದನ್ನು ನೋಡುತ್ತ ಹಾರ್ಮೋನಿಯಂನ ತಿದಿ ಒತ್ತಿದೆ. ಎರಡನೆಯ ಸಾಲಿಗೆ ಬಂದಾಗ ಧೈರ್ಯ ಸಾಲಲಿಲ್ಲ. ಸ್ವರ ಮೇಲೇರಬೇಕಾದ ಕಡೆ ಸಪ್ಪೆಯಾಗಿ ಇಳಿಸಿಬಿಟ್ಟೆ. ಯಾರು ಬೇಕಾದರೂ ಕಟ್ಟಬಹುದಾದ ಹಾಡಾಯಿತು.

ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ. ಮುಗಿದಾಗ ಕಣ್ಣು ತೆರೆದು ನನ್ನ ಮುಖ ನೋಡಿದ. ಆಮೇಲೆ ತನ್ನ ಹೆಂಡತಿಯನ್ನು ಕರೆದು, "ಏನೂ ಉರೀತಿಲ್ಲ ಕಣೇ. ಕೊನೆಗೂ ದೇವರು ಕೇಳಿಸ್ಕೊಂಡ" ಎಂದ. ಆಕೆ ನಿಂತಲ್ಲೇ ಕೈಮುಗಿದರು.

ಆ ವಾರವೇ ಹೋಗಿಬಿಟ್ಟ. ಸಮಾಧಾನದಿಂದಲೇ ಹೋದ ಎಂದು ಎಲ್ಲರೂ ಹೇಳುತ್ತಾರೆ. ಸಂಕಟವಾಗಬಾರದೆಂದು ಹಾಗೆ ಮಾಡಿದೆ ಎಂದು ನಾನೂ ಹೇಳಿಕೊಂಡು ನೋಡಿದ್ದೇನೆ. ಆದರೆ ಅವನು ಕೇಳಿದ್ದು ಪರೀಕ್ಷೆ. ನಾನು ದೇವರ ಹೆಸರಿನಲ್ಲಿ ಉತ್ತರ ಬರೆದುಕೊಟ್ಟೆ. ಅಥವಾ ಆ ಕಿವಿಗೆ ಎಲ್ಲ ಗೊತ್ತಾಗಿ, ನನ್ನ ಮುಖ ನೋಡಿ ಸುಮ್ಮನಾಗಿದ್ದರೆ? ಹಾಗಿದ್ದರೆ ಉರಿಯನ್ನು ಜೊತೆಗೇ ಕೊಂಡೊಯ್ದ.

ಆ ನಾಟಕದ ಮೊದಲ ಪ್ರದರ್ಶನಕ್ಕೆ ಅವನ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಬಂದಿದ್ದರು. ಎರಡನೆಯ ಸಾಲಿನಲ್ಲಿ ಹಾಡು ಮೇಲೇರಿದಾಗ ಸಭೆಯೆಲ್ಲ ಉಸಿರು ಬಿಗಿಹಿಡಿಯಿತು. ನಾಟಕ ಮುಗಿದ ಮೇಲೆ ಆಕೆ ಹತ್ತಿರ ಬಂದು ಕೇಳಿದರು:

"ಅವತ್ತು ಅವರಿಗೆ ನುಡಿಸಿದ್ದು ಇದೇ ಅಲ್ವಾ?"

"ಹೌದು ಅತ್ತಿಗೆ," ಎಂದೆ. "ಇದೇ."